8 ಸ್ಪೀಡಿಗೆ 9 ಸೇರುತ್ತಾ? ಗೇರ್ ಸೈಕಲ್ ಭಾಗಗಳ ಬೆರಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಸಣ್ಣ ಸೈಕಲ್ ಅಂಗಡಿ. ಅಪ್ಪನ ಕಾಲದಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದೆವು. ಆಗ ಬಂದವರು ಕೇಳುತ್ತಿದ್ದದ್ದು ಎರಡೇ: ಗಾಳಿ ಇದೆಯಾ, ಬ್ರೇಕ್ ಹಿಡಿಯುತ್ತಾ. ಈಗ ನಂದಿ ಬೆಟ್ಟ ಹತ್ತುವವರು ಬರುತ್ತಾರೆ, ಶಿಡ್ಲಘಟ್ಟ, ಗುಡಿಬಂಡೆ ಕಡೆಯ ಕಾಲೇಜು ಹುಡುಗರು ಬರುತ್ತಾರೆ, ಅಟ್ಟದ ಮೇಲಿದ್ದ ಹಳೇ ಗೇರ್ ಸೈಕಲ್ ಇಳಿಸಿಕೊಂಡು ಬರುವ ಮೇಷ್ಟ್ರುಗಳೂ ಇದ್ದಾರೆ. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಆ ಸೈಕಲಿನ ಈ ಭಾಗ ನನ್ನ ಸೈಕಲಿಗೆ ಆಗುತ್ತಾ? ಅಂಗಡಿಯಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ ಕೇಳಿದ್ದನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಮೊದಲು ಇಷ್ಟು ತಿಳಿದಿರಲಿ

ನಂದು 21 ಗೇರಿನ ಸೈಕಲ್. ನೀವು 7 ಸ್ಪೀಡ್ ಅಂತೀರಾ. ಮಿಕ್ಕ 14 ಗೇರು ಎಲ್ಲಿ ಹೋಯ್ತು ಅಣ್ಣ?

ಎಲ್ಲೂ ಹೋಗಿಲ್ಲ. ಮುಂದೆ ಪೆಡಲ್ ಹತ್ತಿರ 3 ಚೈನ್‌ವೀಲ್, ಹಿಂದೆ 7 ಹಲ್ಲುಚಕ್ರ. ಮಗ್ಗಿ ಹೇಳಿದರೆ 21 ಆಯಿತು. ಮಾರುವವರಿಗೆ ದೊಡ್ಡ ಸಂಖ್ಯೆ ಇಷ್ಟ, ಅದನ್ನೇ ಹೇಳುತ್ತಾರೆ. ಭಾಗ ಹೊಂದಿಸುವವರಿಗೆ ಬೇಕಾಗಿರುವುದು ಹಿಂದೆ ಎಷ್ಟಿದೆ ಅನ್ನುವುದು ಮಾತ್ರ. ಈ ಪುಟದಲ್ಲಿ ಎಲ್ಲೇ 'ಸ್ಪೀಡ್' ಅಂದರೂ ಹಿಂದಿನ ಎಣಿಕೆ ಅಂತಲೇ ತಿಳಿಯಿರಿ. ಕೆಲವು ಕಡೆ ಹಲ್ಲುಚಕ್ರಕ್ಕೆ ಬರೀ 'ಹಲ್ಲು' ಅಂತಲೂ ಅಂದಿದ್ದೇನೆ.

ನಂದು ಫ್ರೀವೀಲಾ, ಕ್ಯಾಸೆಟ್ಟಾ? ನೋಡೋಕೆ ಎರಡೂ ಒಂದೇ ಥರ ಇದೆ.

ಎರಡೂ ಹಿಂದಿನ ಹಲ್ಲುಚಕ್ರಗಳ ಗುಂಪೇ, ಚಕ್ರಕ್ಕೆ ಕೂರುವ ರೀತಿ ಬೇರೆ. ಸೈಕಲ್ ಎತ್ತಿ ಹಿಡಿದು, ಹಿಂದಿನ ಚಕ್ರ ಅಲ್ಲಾಡದಂತೆ ಹಿಡಿದುಕೊಂಡು, ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ಈಗ ಅತಿ ಚಿಕ್ಕ ಹಲ್ಲುಚಕ್ರದ ಪಕ್ಕ, ಆಕ್ಸಲ್ ಸುತ್ತ ಟೂಲ್ ಕೂರುವ ಗೀರುಗಳಿರುತ್ತವಲ್ಲ, ಅದನ್ನು ನೋಡಿ. ಗೀರುಗಳಿರುವ ಭಾಗವೂ ಜೊತೆಗೇ ತಿರುಗಿದರೆ ಕ್ಯಾಸೆಟ್. ಅದು ನಿಂತಲ್ಲೇ ಇದ್ದು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲು.

ಫ್ರೀವೀಲಿನಲ್ಲಿ ಕಟಕಟ ಅನ್ನುವ ಒಳಭಾಗ ಹಲ್ಲುಗಳ ಜೊತೆಗೇ ಇರುತ್ತದೆ, ಇಡೀ ಗುಂಪು ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ಸ್ಕ್ರೂ ಥರ ತಿರುಗಿಸಿ ಕೂರಿಸಿದ್ದು. ಕ್ಯಾಸೆಟ್ಟಿನಲ್ಲಿ ಕಟಕಟ ಹಬ್ಬಿನ ಕಡೆ ಇರುತ್ತದೆ, ಹಲ್ಲುಗಳು ಬಳೆ ತೊಡಿಸಿದಂತೆ ಜಾರಿ ಕೂರುತ್ತವೆ. ಹಬ್ಬೇ ಬೇರೆ ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಕಡಿಮೆ ಬೆಲೆಯ 6, 7 ಸ್ಪೀಡ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಇರುವುದು ಫ್ರೀವೀಲು. ಬಿಚ್ಚುವ ಟೂಲ್ ಕೂಡ ಬೇರೆ ಬೇರೆ, ಬಲವಂತ ಮಾಡಿದರೆ ಗೀರು ಸವೆದು ಆಮೇಲೆ ಯಾರ ಕೈಗೂ ಬರುವುದಿಲ್ಲ.

ಸ್ಪೀಡ್ ಜಾಸ್ತಿ ಆದಷ್ಟೂ ಚೈನು ತೆಳ್ಳಗೆ ಯಾಕೆ?

ಜಾಗ ಇಲ್ಲ, ಅದಕ್ಕೆ. ಹಿಂದಿನ ಚಕ್ರ ಕೂರುವ ಅಗಲ ಹೆಚ್ಚುಕಡಿಮೆ ಅಷ್ಟೇ ಇದೆ. ಅದೇ ಮನೆಯಲ್ಲಿ ಇನ್ನಷ್ಟು ಜನ ಮಲಗಬೇಕು ಅಂದರೆ ಒತ್ತರಿಸಿಕೊಳ್ಳಬೇಕು ತಾನೇ? 8 ಸ್ಪೀಡ್ ಚೈನಿನ ಹೊರ ಅಗಲ ಸುಮಾರು 7.1 ಮಿ.ಮೀ., 9ರದ್ದು ಸುಮಾರು 6.6, 10ರದ್ದು 6ರ ಆಸುಪಾಸು, 11ರದ್ದು ಸುಮಾರು 5.6. ಕೊಂಡಿಯ ಉದ್ದ ಮಾತ್ರ ಎಲ್ಲದರಲ್ಲೂ ಒಂದೇ: ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಲಿನ ಕ್ಯಾನು ಹೊರುವ ಗೇರಿಲ್ಲದ ಸೈಕಲಿನ ದಪ್ಪ ಚೈನಿಗೂ ಅಷ್ಟೇ.

9 ಸ್ಪೀಡ್ ಚೈನು ಕಡಿಮೆಗೆ ಸಿಕ್ತು, ನನ್ನ 8 ಸ್ಪೀಡಿಗೆ ಹಾಕ್ಲಾ?

ಹಾಕಿ, ನಡೆಯುತ್ತದೆ. ಒಂದು ಮೆಟ್ಟಿಲು ತೆಳುವಾದ ಚೈನು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಉಲ್ಟಾ ಮಾಡಬೇಡಿ. 8 ಸ್ಪೀಡ್ ಚೈನನ್ನು 9ರ ಮೇಲೆ ಹಾಕಿದರೆ ಅದು ಪಕ್ಕದ ಹಲ್ಲಿಗೆ ಉಜ್ಜಿಕೊಂಡೇ ಓಡುತ್ತದೆ. 6, 7, 8 ಸ್ಪೀಡಿಗೆ ಒಂದೇ ಚೈನು, ಅಲ್ಲಿ ಯೋಚನೆಯೇ ಬೇಡ. ಜೋಡಿಸುವ ಕ್ವಿಕ್ ಲಿಂಕ್ ಮಾತ್ರ ಚೈನಿನ ಸ್ಪೀಡಿನದ್ದೇ ಆಗಿರಲಿ.

ಹೊಸ ಚೈನು ಹಾಕಿಸಿದ ಮೇಲೇ ಹಾರೋಕೆ ಶುರುವಾಯ್ತು. ಹಳೇದೇ ಚೆನ್ನಾಗಿತ್ತು!

ಈ ದೂರು ಕೇಳದ ತಿಂಗಳೇ ಇಲ್ಲ. ಹಳೇ ಚೈನೂ ಹಳೇ ಹಲ್ಲೂ ಗಂಡ ಹೆಂಡತಿ ಹಾಗೆ ಒಟ್ಟಿಗೆ ಸವೆದು ಹೊಂದಿಕೊಂಡಿರುತ್ತವೆ. ಅಲ್ಲಿಗೆ ಹೊಸ ಚೈನು ಬಂದರೆ ಸವೆದ ಹಲ್ಲು ಅದನ್ನು ಹಿಡಿಯುವುದಿಲ್ಲ, ಏರಿನಲ್ಲಿ ಜೋರಾಗಿ ತುಳಿದಾಗ ಜಾರುತ್ತದೆ. ಇದು ಸ್ಪೀಡ್ ಬೆರಕೆಯ ತಪ್ಪಲ್ಲ, ಆದರೆ ಜನ ಅದರ ತಲೆಗೇ ಕಟ್ಟುತ್ತಾರೆ.

ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ. ಬಟ್ಟೆ ಟೇಪ್ ಬೇಡ, ಅದು ಎಳೆದಷ್ಟೂ ಬರುತ್ತದೆ. ಚೈನಿನ ಒಂದು ಪಿನ್ನಿನ ನಡುವಿನಿಂದ ಶುರುಮಾಡಿ 24 ಕೊಂಡಿ ಅಳೆಯಿರಿ. ಹೊಸ ಚೈನಾದರೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಅದು 306.3 ದಾಟಿದ್ದರೆ ಚೈನು ಬದಲಿಸುವ ಹೊತ್ತು. 307.8ಕ್ಕೆ ಹೋಗಿದ್ದರೆ ಹಲ್ಲುಗಳೂ ಸವೆದಿವೆ ಅಂತಲೇ ಲೆಕ್ಕ. ನಮ್ಮ ಕಡೆಯ ಕೆಂಪು ಧೂಳು ಎಣ್ಣೆ ಜೊತೆ ಸೇರಿದರೆ ಅರದ ಪುಡಿ ಇದ್ದ ಹಾಗೆ. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಒರೆಸಲೇಬೇಕು.

## ಬೆರಕೆ ಶುರುವಾಗುವುದು ಇಲ್ಲಿ

ಒಂದು ಕ್ಲಿಕ್ ಒತ್ತಿದ್ರೆ ಒಂದು ಗೇರು ಬೀಳುತ್ತೆ. ಇದರಲ್ಲಿ ಹೊಂದಿಸೋಕೆ ಏನಿದೆ?

ಇದೊಂದು ಅರ್ಥವಾದರೆ ಮಿಕ್ಕ ಪ್ರಶ್ನೆಗಳಲ್ಲಿ ಅರ್ಧ ನೀವೇ ಬಿಡಿಸುತ್ತೀರಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಶಿಫ್ಟರ್ (ಹ್ಯಾಂಡಲಿನ ಹತ್ತಿರ ಗೇರು ಬದಲಿಸುವ ಲಿವರ್) ಒಂದು ಕ್ಲಿಕ್ಕಿಗೆ ಇಷ್ಟು ವೈರು ಎಳೆಯುತ್ತದೆ. ಆ ಎಳೆತಕ್ಕೆ ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಭಾಗ) ಅಡ್ಡಕ್ಕೆ ಇಷ್ಟು ಸರಿಯುತ್ತದೆ. ಎರಡನ್ನೂ ಗುಣಿಸಿದರೆ ಬರುವ ದೂರ, ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ಇರುವ ದೂರಕ್ಕೆ ಸರಿಹೋಗಬೇಕು. ಇದ್ದಿದ್ದು ಇಷ್ಟೇ. ಶಿಫ್ಟರಿಗಾಗಲಿ ಡಿರೈಲರಿಗಾಗಲಿ ಹಲ್ಲು ಕಾಣಿಸುವುದಿಲ್ಲ, ಅಳತೆಗೆ ಸರಿಯಾಗಿ ಸರಿಯುವುದಷ್ಟೇ ಅವುಗಳ ಕೆಲಸ.

ಹಲ್ಲುಚಕ್ರಗಳ ನಡುವಿನ ದೂರ 7 ಸ್ಪೀಡಿನಲ್ಲಿ ಸುಮಾರು 5 ಮಿ.ಮೀ., 8ರಲ್ಲಿ 4.8, 9ರಲ್ಲಿ 4.35, 10ರಲ್ಲಿ 3.95. ಈಗ ಶಿಮಾನೋ ಅನ್ನುವ ಗೇರ್ ಕಂಪನಿಯ ಸಾಮಾನ್ಯ ಡಿರೈಲರ್ ತೆಗೆದುಕೊಳ್ಳಿ. ಅದು 1 ಮಿ.ಮೀ. ವೈರು ಎಳೆದರೆ ಸುಮಾರು 1.7 ಮಿ.ಮೀ. ಸರಿಯುತ್ತದೆ. 8 ಸ್ಪೀಡ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಎಳೆಯುವುದು ಸುಮಾರು 2.8 ಮಿ.ಮೀ. ಗುಣಿಸಿ: 4.76. ಬೇಕಾದದ್ದು 4.8. ಸರಿಹೋಯಿತು, ಅಲ್ವಾ? 9ರ ಶಿಫ್ಟರ್ ಎಳೆಯುವುದು 2.5. ರೋಡ್ ಸೈಕಲಿನ 10ರ ಶಿಫ್ಟರ್ 2.3. ಅದೇ 1.7ರಿಂದ ಗುಣಿಸಿ ನೋಡಿ, ಅವೂ ತಮ್ಮ ತಮ್ಮ ಮನೆಗೇ ಹೋಗಿ ಸೇರುತ್ತವೆ.

ಕ್ಯಾಸೆಟ್ ಮಾತ್ರ 9 ಸ್ಪೀಡ್ ಹಾಕಿಸಿದೆ, ಶಿಫ್ಟರ್ ಹಳೇ 8ರದ್ದೇ. ಎರಡು ಗೇರು ಸರಿ ಬೀಳುತ್ತೆ, ಮಿಕ್ಕಿದ್ದು ಕಟಕಟ. ಟ್ಯೂನಿಂಗ್ ಮಾಡಿಕೊಡಿ.

ಟ್ಯೂನಿಂಗಿನಿಂದ ಆಗುವ ಕೆಲಸ ಅಲ್ಲ ಇದು. ನಿಮ್ಮ ಶಿಫ್ಟರ್ ಪ್ರತಿ ಕ್ಲಿಕ್ಕಿಗೂ 4.8 ಮಿ.ಮೀ. ಸರಿಸುತ್ತಿದೆ, ಹಲ್ಲು ಇರುವುದು 4.35ಕ್ಕೆ. ಒಂದು ಕ್ಲಿಕ್ಕಿಗೆ 0.45 ಜಾಸ್ತಿ. ಎರಡನೇ ಕ್ಲಿಕ್ಕಿಗೆ 0.9. ಐದನೇ ಕ್ಲಿಕ್ಕಿಗೆ 2.25 ಆಗಿರುತ್ತದೆ, ಅಂದರೆ ಚೈನು ಎರಡು ಹಲ್ಲುಗಳ ನಟ್ಟನಡುವೆ ನಿಂತು ಯಾವ ಕಡೆ ಹೋಗಲಿ ಅಂತ ಕೇಳುತ್ತಿರುತ್ತದೆ. ನಾನು ಈ ತುದಿಯಲ್ಲಿ ಸರಿ ಮಾಡಿದರೆ ಆ ತುದಿಯಲ್ಲಿ ಕೆಡುತ್ತದೆ. ದುಡ್ಡು ಕೊಟ್ಟರೂ ಬೇಡ, ಶಿಫ್ಟರ್ ಬದಲಿಸಿ. ಶಿಫ್ಟರಿನ ಸ್ಪೀಡೂ ಕ್ಯಾಸೆಟ್ಟಿನ ಸ್ಪೀಡೂ ಒಂದೇ ಇರಬೇಕು.

ಎಲ್ಲಾ ಕಡೆ ಹೀಗೇನಾ? 7ಕ್ಕೆ 8ರ ಶಿಫ್ಟರ್ ಹಾಕಿ ಓಡಿಸ್ತಿದ್ದಾನೆ ನಮ್ಮ ಹುಡುಗ, ಚೆನ್ನಾಗೇ ಇದೆ.

ಅದೊಂದು ಜೋಡಿ ನಡೆಯುತ್ತದೆ. ಅಲ್ಲಿ ವ್ಯತ್ಯಾಸ ಕ್ಲಿಕ್ಕಿಗೆ 0.2 ಮಿ.ಮೀ. ಆಸುಪಾಸು. ನಡುವಿನ ಗೇರಿನಲ್ಲಿ ಇಟ್ಟು ಹೊಂದಿಸಿದರೆ ತುದಿಗೆ ಹೋಗುವಷ್ಟರಲ್ಲಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ತಪ್ಪುತ್ತದೆ. ಶಿಮಾನೋ ಡಿರೈಲರಿನ ಮೇಲಿನ ಪುಲ್ಲಿಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, ಅಡ್ಡಕ್ಕೆ ಸ್ವಲ್ಪ ಆಟ ಇರುತ್ತದೆ. ಬೇಕಂತಲೇ ಇಟ್ಟಿದ್ದಾರೆ. ಈ ಸಣ್ಣ ತಪ್ಪನ್ನು ಅದು ನುಂಗಿಕೊಳ್ಳುತ್ತದೆ. ಮಿಕ್ಕುವ ಒಂದು ಕ್ಲಿಕ್ಕನ್ನು, ಡಿರೈಲರ್ ಅಳತೆ ಮೀರಿ ಸರಿಯದಂತೆ ನಿಲ್ಲಿಸುವ ಲಿಮಿಟ್ ಸ್ಕ್ರೂ ತಡೆಯುತ್ತದೆ. 7 ಸ್ಪೀಡಿನ ಒಳ್ಳೇ ಶಿಫ್ಟರ್ ಸಿಗದಿದ್ದಾಗ ನಾನೂ ಇದನ್ನೇ ಮಾಡುವುದು.

ಡಿರೈಲರ್ ಡಬ್ಬಿ ಮೇಲೆ 9 ಸ್ಪೀಡ್ ಅಂತಿದೆ. ನಂದು 8. ವಾಪಸ್ ಕೊಡ್ಲಾ?

ಬೇಡ. ಹಿಂದಿನ ಡಿರೈಲರಿಗೆ ಎಣಿಸುವುದು ಗೊತ್ತಿಲ್ಲ, ಎಣಿಸುವುದು ಶಿಫ್ಟರ್. ಶಿಮಾನೋದ 6, 7, 8, 9 ಸ್ಪೀಡಿನ ಡಿರೈಲರ್‌ಗಳು, ಅದು ರೋಡ್ ಆಗಲಿ ಎಂಟಿಬಿ (ಮೌಂಟನ್ ಬೈಕ್) ಆಗಲಿ, ಮತ್ತು ಹಳೇ 10 ಸ್ಪೀಡ್ ರೋಡ್ ಡಿರೈಲರ್‌ಗಳು, ಎಲ್ಲವೂ ಅದೇ 1.7ರ ಮನೆತನ. ತೀರಾ ಹಳೆಯ ಡ್ಯುರಾ-ಏಸ್ 7400 ಮತ್ತು ಕೆಳಗೆ ಬರುವ ಹೊಸ ಕ್ಯೂಸ್ ಬಿಟ್ಟು. ಟೂರ್ನಿ ಸೈಕಲಿಗೆ ಆಲ್ಟಸ್, ಏಸೆರಾ, ಸೋರಾ (ಎಲ್ಲ ಶಿಮಾನೋ ಸೆಟ್ಟುಗಳ ಹೆಸರು) ಯಾವುದು ಹಾಕಿದರೂ ನಡೆಯುತ್ತದೆ.

10 ಸ್ಪೀಡ್ ಶಿಫ್ಟರಿಗೆ 10 ಸ್ಪೀಡ್ ಡಿರೈಲರ್. ಇದರಲ್ಲಂತೂ ತಪ್ಪಾಗಲ್ಲ ಅಲ್ವಾ?

ಆಗುತ್ತದೆ. ನನಗೇ ಆಗಿದೆ.

ನನ್ನ ರೋಡ್ ಸೈಕಲಿಗೆ 10 ಸ್ಪೀಡ್ ಶಿಫ್ಟರ್ ಇತ್ತು. ನಂದಿ ಹತ್ತಲು ಹಿಂದೆ 36 ಹಲ್ಲು ಹಾಕೋಣ ಅಂತ 10 ಸ್ಪೀಡ್ ಎಂಟಿಬಿ ಡಿರೈಲರ್ ತಂದೆ. ಮಾರಿದವರು 'ಹತ್ತಕ್ಕೆ ಹತ್ತು ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ' ಅಂದರು. ನಾನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಹಾಕಿದೆ. ಶನಿವಾರ ರಾತ್ರಿ ಬೀದಿಯಲ್ಲಿ ಒಂದು ಸುತ್ತು ಹೊಡೆದಾಗ ಕಟಕಟ ಅಂತಿತ್ತು. ಹೊಸದಲ್ವಾ, ಓಡಿಸ್ತಾ ಸರಿಹೋಗುತ್ತೆ ಬಿಡು ಅಂದುಕೊಂಡೆ. ಊರೆಲ್ಲರ ಸೈಕಲ್ ರಿಪೇರಿ ಮಾಡುವವನ ಬುದ್ಧಿ ನೋಡಿ. ಬೆಳಗ್ಗೆ ಬೆಟ್ಟದ ರಸ್ತೆ ಶುರುವಾದ ಮೇಲೆ ಲಿವರ್ ಒತ್ತುತ್ತೇನೆ, ಒತ್ತುತ್ತೇನೆ, ಕ್ಲಿಕ್ ಮುಗಿದುಹೋಯಿತು. ಬಗ್ಗಿ ನೋಡಿದರೆ ಚೈನು ಏಳನೇ ಹಲ್ಲುಚಕ್ರದ ಹತ್ತಿರ ನಿಂತಿದೆ. ಯಾವುದಕ್ಕೋಸ್ಕರ ದುಡ್ಡು ಸುರಿದೆನೋ ಆ 36 ಹಲ್ಲು ಪಕ್ಕದಲ್ಲೇ ಹೊಳೆಯುತ್ತಿದೆ, ಚೈನು ಅಲ್ಲಿಗೆ ಹೋಗುತ್ತಿಲ್ಲ. ಅರ್ಧ ಬೆಟ್ಟ ತಳ್ಳಿಕೊಂಡೇ ಹೋದೆ.

ಲೆಕ್ಕ ಆಮೇಲೆ ಹಾಕಿದೆ. 2010ರಲ್ಲಿ ಶಿಮಾನೋ ಎಂಟಿಬಿಗೆ 10 ಸ್ಪೀಡ್ ತಂದಾಗ ಅಳತೆಯನ್ನೇ ಬದಲಿಸಿತು. ಆ ಡಿರೈಲರ್ 1 ಮಿ.ಮೀ. ಎಳೆತಕ್ಕೆ ಸರಿಯುವುದು ಸುಮಾರು 1.2 ಮಾತ್ರ, ಅದರ ಶಿಫ್ಟರ್ ಎಳೆಯುವುದು 3.4. ನನ್ನ ರೋಡ್ ಶಿಫ್ಟರ್ ಎಳೆಯುತ್ತಿದ್ದದ್ದು 2.3. ಗುಣಿಸಿದರೆ 2.76, ಬೇಕಾದದ್ದು 3.95. 9 ಕ್ಲಿಕ್ ಒತ್ತಿದರೂ 25 ಮಿ.ಮೀ. ಕೂಡ ಆಗುವುದಿಲ್ಲ, ಹೋಗಬೇಕಾದದ್ದು 35ರ ಮೇಲೆ.

ಹಾಗಾದ್ರೆ 10 ಸ್ಪೀಡ್ ರೋಡ್ ಶಿಫ್ಟರ್ ಇರೋವ್ರು ದೊಡ್ಡ ಹಲ್ಲು ಹಾಕೋದೇ ಬೇಡ್ವಾ?

ಹಾಕಬಹುದು, 9 ಸ್ಪೀಡ್ ಎಂಟಿಬಿ ಡಿರೈಲರ್ ಹುಡುಕಿ. ಅದು 1.7ರ ಮನೆತನ, ದೊಡ್ಡ ಹಲ್ಲಿಗೇ ಮಾಡಿದ್ದು, ಜೊತೆಗೆ ಅಗ್ಗ. ಮುಂದಿನ ಶನಿವಾರ ನಾನೂ ಅದನ್ನೇ ಹಾಕಿದ್ದು. ಕಂಪನಿ ಲೆಕ್ಕದಲ್ಲಿ ಅದಕ್ಕೆ 34 ಹಲ್ಲು ಮಿತಿ, ನನ್ನದರಲ್ಲಿ 36 ಕೂಡ ಕೂತಿತು. ಹೆಸರು ನೋಡಿ ಮೋಸಹೋಗಬಾರದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ: ಟಿಯಾಗ್ರ 4700 ಅನ್ನುವುದು 10 ಸ್ಪೀಡ್ ರೋಡ್ ಸೆಟ್ಟೇ. ಆದರೆ ಅದರ ಅಳತೆ 11 ಸ್ಪೀಡ್ ರೋಡಿನದ್ದು, ಸುಮಾರು 1.4. ಹಳೇ 10ರ ಜೊತೆ ಸೇರುವುದಿಲ್ಲ, 11ರ ಡಿರೈಲರ್ ಜೊತೆ ಸೇರುತ್ತದೆ.

ಸ್ರಾಮ್ ಶಿಫ್ಟರ್, ಶಿಮಾನೋ ಡಿರೈಲರ್?

ಸಾಮಾನ್ಯವಾಗಿ ಆಗುವುದಿಲ್ಲ. ಸ್ರಾಮ್ ಇನ್ನೊಂದು ಗೇರ್ ಕಂಪನಿ, ಅದರ ಎಳೆತದ ಅಳತೆ ಬೇರೆ. ಸ್ರಾಮ್ ಕಂಪನಿಯೇ ಶಿಮಾನೋಗೆ ಅಂತ ಮಾಡಿದ ಎಂಆರ್‌ಎಕ್ಸ್ ಎಂಬ ತಿರುಗಿಸುವ ಶಿಫ್ಟರ್ ಇದೆ, ಅದು ಸರಿ. ಕ್ಯಾಸೆಟ್ ಮತ್ತು ಚೈನಿನ ವಿಷಯದಲ್ಲಿ ಮಾತ್ರ 8, 9, 10ರ ಕಾಲದಲ್ಲಿ ಇಬ್ಬರೂ ಹೊಂದಿಕೊಂಡಿದ್ದಾರೆ. ಅಲ್ಲಿ ಅದಲುಬದಲು ಮಾಡಿದರೆ ತೊಂದರೆ ಇಲ್ಲ.

## ನಂದಿ ಹತ್ತುವವರ ಪ್ರಶ್ನೆಗಳು

ನಂದಿ ಹತ್ತೋವಾಗ ಮೊಣಕಾಲು ಹೋಗುತ್ತೆ. 28 ತೆಗೆದು 34 ಹಾಕಿದ್ರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಮುಂದೆ 34 ಹಲ್ಲಿನ ಚೈನ್‌ವೀಲ್ ಇದೆ ಅಂದುಕೊಳ್ಳಿ. ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರ 1.21 ಸುತ್ತು ತಿರುಗುತ್ತದೆ, ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. 34 ಇದ್ದರೆ ಒಂದಕ್ಕೆ ಒಂದು, 2.1 ಮೀಟರ್. ಒಂದೊಂದು ತುಳಿತಕ್ಕೂ ಎತ್ತುವ ಭಾರ ಸುಮಾರು ಆರರಲ್ಲಿ ಒಂದು ಪಾಲು ಇಳಿಯಿತು. ಬೆಟ್ಟದ ತುದಿ ಇರುವುದು ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದಲ್ಲಿ. ಕೊನೆಯ ತಿರುವುಗಳಲ್ಲಿ ಈ ಒಂದು ಪಾಲಿನ ಬೆಲೆ ಗೊತ್ತಾಗುತ್ತದೆ.

ಹಾಕ್ತೀನಿ ಅಂದ್ರೆ ನನ್ನ ಡಿರೈಲರ್ ತಡ್ಕೊಳ್ಳುತ್ತಾ?

ಎರಡು ಮಿತಿ ನೋಡಬೇಕು. ಮೊದಲನೆಯದು ಎಷ್ಟು ದೊಡ್ಡ ಹಲ್ಲಿನವರೆಗೆ ಅದು ಹತ್ತುತ್ತದೆ ಅನ್ನುವುದು. ಇನ್ನೊಂದು, ಸಡಿಲ ಚೈನನ್ನು ಎಷ್ಟು ಎಳೆದಿಟ್ಟುಕೊಳ್ಳುತ್ತದೆ ಅನ್ನುವುದು. ಎರಡನೆಯದಕ್ಕೆ ಲೆಕ್ಕ ಹೀಗೆ: ಮುಂದಿನ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, ಹಿಂದಿನ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, ಎರಡನ್ನೂ ಕೂಡಿಸಿ. ಮುಂದೆ 50-34, ಹಿಂದೆ 11-34 ಇದ್ದರೆ 16 ಮತ್ತು 23, ಒಟ್ಟು 39. ನಿಮ್ಮ ಡಿರೈಲರಿನ ಮಿತಿ ಕಡೇಪಕ್ಷ ಅಷ್ಟಾದರೂ ಇರಬೇಕು. ಶಿಮಾನೋ ಕ್ಲಾರಿಸ್ ಆರ್2000ರ ಉದ್ದ ಕೇಜಿನದ್ದಕ್ಕೆ (ಕೇಜು ಅಂದರೆ ಪುಲ್ಲಿಗಳಿರುವ ತೋಳು) ದೊಡ್ಡ ಹಲ್ಲು 34, ಒಟ್ಟು 41. ಆರಾಮಾಗಿ ಸಾಕು.

ಮೊದಲ ಮಿತಿಯನ್ನು ಒಂದೆರಡು ಹಲ್ಲು ಮೀರಿದರೂ ಡಿರೈಲರನ್ನು ಹಲ್ಲುಚಕ್ರದಿಂದ ದೂರ ಸರಿಸುವ ಹಿಂದಿನ ಬಿ-ಸ್ಕ್ರೂ ತಿರುಗಿಸಿ ಸಂಭಾಳಿಸಬಹುದು. ಎರಡನೆಯದನ್ನು ಮೀರಿದರೆ ಚಿಕ್ಕದಕ್ಕೆ ಚಿಕ್ಕದು ಬಂದಾಗ ಚೈನು ಜೋತುಬೀಳುತ್ತದೆ, ಅಷ್ಟೇ. ಅದಕ್ಕೆ ಹೆದರಿ ಚೈನು ಕತ್ತರಿಸಿ ಗಿಡ್ಡ ಮಾಡಬೇಡಿ. ದೊಡ್ಡದಕ್ಕೆ ದೊಡ್ಡದು ಬಿದ್ದಾಗ ಚೈನು ಸಾಲದೆ ಡಿರೈಲರ್ ಕಿತ್ತು ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಹಾಗಾದ್ರೆ ಚೈನು ಎಷ್ಟು ಉದ್ದ ಇರಬೇಕು?

ಡಿರೈಲರ್ ಒಳಗೆ ತೂರಿಸದೆ, ಮುಂದಿನ ಅತಿ ದೊಡ್ಡದು ಮತ್ತು ಹಿಂದಿನ ಅತಿ ದೊಡ್ಡದರ ಮೇಲೆ ಸುತ್ತಿ, ಬಿಗಿಯಾಗಿ ಎಳೆದು, ಎರಡು ತುದಿ ಸೇರುವಲ್ಲಿಂದ 1 ಇಂಚು ಅಂದರೆ 2 ಕೊಂಡಿ ಜಾಸ್ತಿ ಬಿಡಿ. ಕ್ಯಾಸೆಟ್ ದೊಡ್ಡದು ಮಾಡಿದವರೆಲ್ಲ ಚೈನೂ ಉದ್ದ ಮಾಡಲೇಬೇಕಾಗಬಹುದು ಅನ್ನುವುದು ನೆನಪಿರಲಿ.

ಮುಂದೆ ಒಂದೇ ಚೈನ್‌ವೀಲ್ ಮಾಡ್ಕೊಂಡ್ರೆ ತಲೆನೋವೇ ಇರಲ್ಲ ಅಂತಾರೆ.

ಅರ್ಧ ತಲೆನೋವು ಹೋಗುತ್ತದೆ, ನಿಜ. ಮುಂದಿನ ಶಿಫ್ಟರ್, ಡಿರೈಲರ್, ವೈರು ಎಲ್ಲ ತೆಗೆಯಬಹುದು. ಆದರೆ ಇದ್ದ ಮೂರರಲ್ಲಿ ಎರಡು ಬಿಚ್ಚಿ ನಡುವಿನದನ್ನು ಹಾಗೇ ಬಿಟ್ಟರೆ ಗುಂಡಿ ಬಿದ್ದ ರಸ್ತೆಯಲ್ಲಿ ಚೈನು ಕಳಚುತ್ತದೆ. ಅಂಥ ಚೈನ್‌ವೀಲಿನ ಹಲ್ಲು ಗೇರು ಸುಲಭವಾಗಿ ಬದಲಾಗಲಿ ಅಂತ ಗಿಡ್ಡವಾಗಿ ಕೊರೆದಿರುತ್ತಾರೆ. ಒಂದು ದಪ್ಪ, ಒಂದು ಸಣ್ಣ ಹೀಗೆ ಹಲ್ಲಿರುವ ಚೈನ್‌ವೀಲ್ ಬರುತ್ತದೆ, ಅದು ಬೇಕು. ಬೋಲ್ಟ್ ಕೂಡ ಗಿಡ್ಡದ್ದು ತೆಗೆದುಕೊಳ್ಳಿ, ಹಳೆಯದು ಬಿಗಿಯಾಗದೆ ಅಲ್ಲಾಡುತ್ತದೆ.

ಮುಂದಿನ ಡಿರೈಲರಿಗೂ ಇದೇ ಲೆಕ್ಕನಾ?

ಇಲ್ಲಿ ಸ್ವಲ್ಪ ಉದಾರ. 8ರ ಕ್ರ್ಯಾಂಕಿನ (ಪೆಡಲ್ ತೋಳು, ಚೈನ್‌ವೀಲ್ ಸೇರಿದ ಭಾಗ) ಮೇಲೆ 9, 10ರ ಚೈನು ಹೆಚ್ಚಾಗಿ ಓಡುತ್ತದೆ. ಹೆಚ್ಚಾಗಿ ಕೈಕೊಡುವುದು ಇಲ್ಲಿ: ರೋಡ್ ಶಿಫ್ಟರಿಗೆ ಎಂಟಿಬಿಯ ಮುಂದಿನ ಡಿರೈಲರ್ ಕಟ್ಟಿದಾಗ. ಎಳೆತ ಬೇರೆ.

## ಹಬ್ಬು, ಫ್ರೇಮು, ಮತ್ತೆ ಕೆಲವು ಕರಾಮತ್ತು

7 ಸ್ಪೀಡ್ ಫ್ರೀವೀಲ್ ತೆಗೆದು 8 ಅಥವಾ 9ರ ಫ್ರೀವೀಲೇ ಹಾಕಿಬಿಟ್ರೆ? ಹಬ್ಬು ಉಳಿಯುತ್ತಲ್ಲ.

ಸಿಗುತ್ತವೆ, ಹಾಕಲೂಬಹುದು, ನಾನು ಹಾಕುವುದಿಲ್ಲ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆ ಬಾಲ್‌ಗಳು ಹಲ್ಲುಗಳ ಒಳಗಡೆಗೆ, ನಡುವಿನ ಕಡೆ ಇರುತ್ತವೆ. ಅಲ್ಲಿಂದ ಆಚೆ ಆಕ್ಸಲ್ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಹಲ್ಲು ಜಾಸ್ತಿ ಆದಷ್ಟೂ ಆ ಚಾಚು ಉದ್ದ, ಆಕ್ಸಲ್ ಬೇಗ ಬಗ್ಗುತ್ತದೆ, ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬಾಲ್‌ಗಳು ಹೊರ ತುದಿಗೆ ಬಂದಿರುತ್ತವೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಕ್ಯಾಸೆಟ್ ಹಬ್ಬಿನ ಚಕ್ರವೇ ಕಟ್ಟಿಸಿ.

ನನ್ನ ಹಬ್ಬು 9 ಸ್ಪೀಡ್ ಕಾಲದ್ದು. ಅದರ ಮೇಲೆ ಏನೇನು ಕೂರುತ್ತೆ?

ಕ್ಯಾಸೆಟ್ ಜಾರಿ ಕೂರುವ ಬಾಡಿಯ ಮೇಲೆ ಶಿಮಾನೋದ 'ಎಚ್‌ಜಿ' ಮಾದರಿ ಗೀರಿರುವ ಹಬ್ಬು ಅಂದರೆ 8, 9, 10 ಮೂರೂ ಕೂರುತ್ತವೆ. 7 ಸ್ಪೀಡ್ ಕ್ಯಾಸೆಟ್ ಹಾಕುವುದಾದರೆ ಹಿಂದೆ 4.5 ಮಿ.ಮೀ. ವಾಷರ್ ಬೇಕು. ರೋಡಿನ 11 ಸ್ಪೀಡ್ ಕ್ಯಾಸೆಟ್ ಹೆಚ್ಚಾಗಿ ಕೂರುವುದಿಲ್ಲ, ಅದರ ಹಬ್ಬು 1.85 ಮಿ.ಮೀ. ಉದ್ದ. ಆದರೆ 11-42ರಂಥ ಎಂಟಿಬಿ 11 ಸ್ಪೀಡ್ ಕ್ಯಾಸೆಟ್ ಕೂರುತ್ತದೆ, ಏಕೆಂದರೆ ಅದರ ದೊಡ್ಡ ಹಲ್ಲು ಕಡ್ಡಿಗಳ ಕಡೆಗೆ ವಾಲಿಕೊಂಡಿರುತ್ತದೆ.

ಉಲ್ಟಾ ದಾರಿ ಸುಲಭ. 11ರ ರೋಡ್ ಹಬ್ಬಿನ ಮೇಲೆ 8, 9, 10 ಹಾಕಲು ಆ 1.85ರ ವಾಷರ್ ಸಾಕು, ಕೆಲವು 10 ಸ್ಪೀಡ್ ರೋಡ್ ಕ್ಯಾಸೆಟ್ಟಿಗೆ ಇನ್ನೊಂದು 1 ಮಿ.ಮೀ. ವಾಷರ್ ಸೇರಿಸಬೇಕು. ಲಾಕ್‌ರಿಂಗ್ 40 ನ್ಯೂಟನ್ ಮೀಟರ್ ಬಿಗಿ. ಬಿಗಿದ ಮೇಲೂ ಹಲ್ಲು ಕೈಯಲ್ಲಿ ಅಲ್ಲಾಡಿದರೆ ವಾಷರ್ ಮರೆತಿದ್ದೀರಿ ಅಂತ ಅರ್ಥ.

12 ಸ್ಪೀಡ್ ಸೆಟ್ ತರಿಸಿದ್ದೀನಿ. ಕ್ಯಾಸೆಟ್ ಹಬ್ಬಿನ ಮೇಲೆ ಜಾರ್ತಾನೇ ಇಲ್ಲ.

ಹಲ್ಲು ಎಣಿಸಿ. ಅತಿ ಚಿಕ್ಕದರಲ್ಲಿ 10 ಹಲ್ಲಿದ್ದರೆ ಅದು ಹಳೇ ಹಬ್ಬಿಗೆ ಬರುವುದಿಲ್ಲ, ಅಷ್ಟು ಚಿಕ್ಕ ಚಕ್ರ ಎಚ್‌ಜಿ ಬಾಡಿಯ ಮೇಲೆ ಹಿಡಿಯುವುದೇ ಇಲ್ಲ. ಶಿಮಾನೋದ್ದಾದರೆ ಮೈಕ್ರೋ ಸ್ಪ್ಲೈನ್, ಸ್ರಾಮ್‌ದಾದರೆ ಎಕ್ಸ್‌ಡಿ ಅನ್ನುವ ಬಾಡಿ ಬೇಕು. ಒಳ್ಳೇ ಹಬ್ಬುಗಳಲ್ಲಿ ಬಾಡಿ ಮಾತ್ರ ಬದಲಿಸಬಹುದು. ಹಳೇ ಹಬ್ಬಿನಲ್ಲೇ 12 ಬೇಕು ಅನ್ನುವವರಿಗೆ ಸ್ರಾಮ್ ಎನ್‌ಎಕ್ಸ್ ಈಗಲ್‌ನ 11-50 ಕ್ಯಾಸೆಟ್ ಇದೆ, ಅದು ಎಚ್‌ಜಿ ಮೇಲೇ ಕೂರುತ್ತದೆ. ತೂಕ ಸ್ವಲ್ಪ ಜಾಸ್ತಿ.

ಹಳೇ ಸ್ಟೀಲ್ ಫ್ರೇಮ್ ಇದೆ, ಹಿಂದೆ 126 ಮಿ.ಮೀ. ಈಗಿನ ಚಕ್ರ 130. ತೂರಿಸಬಹುದಾ?

ಸ್ಟೀಲ್ ಆದರೆ ಆಗುತ್ತದೆ. ಒಂದೊಂದು ಕಡೆಗೆ 2 ಮಿ.ಮೀ. ಮಾತ್ರ. ಕೈಯಲ್ಲಿ ಅಗಲಿಸಿ ಚಕ್ರ ತೂರಿಸಿಯೇ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಸರಿಯಾಗಿ ಮಾಡಿಸುವುದಾದರೆ ಫ್ರೇಮ್ ಬಗ್ಗಿಸಿ, ಎರಡು ತುದಿಯೂ ಸಮಾನಾಂತರ ಇದೆಯಾ ಅಂತ ನೋಡಬೇಕು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿಗೆ ಈ ಕೆಲಸ ಯಾರು ಮಾಡಿಕೊಡ್ತೀನಿ ಅಂದರೂ ಒಪ್ಪಬೇಡಿ.

7 ಸ್ಪೀಡ್ ಕ್ಯಾಸೆಟ್ ಹಬ್ಬಿನ ಮೇಲೆ 9ರ ಹಲ್ಲು ಕೂರಿಸೋ ಉಪಾಯ ಇದೆಯಂತಲ್ಲ?

ಇದೆ, ನನಗೆ ಬಹಳ ಇಷ್ಟವಾದ ಕರಾಮತ್ತು. ಆ ಹಬ್ಬು ಗಿಡ್ಡ, 9 ಹಲ್ಲುಚಕ್ರ ಹಿಡಿಸುವುದಿಲ್ಲ. ಆದರೆ 9ರ ಕ್ಯಾಸೆಟ್ಟಿನಿಂದ ಒಂದನ್ನು ತೆಗೆದು 8 ಕೂರಿಸಿದರೆ ಸರಿಯಾಗಿ ಹಿಡಿಸುತ್ತವೆ. ಶಿಫ್ಟರ್ ಮತ್ತು ಚೈನು 9ರದ್ದು. ಹಲ್ಲುಗಳ ನಡುವಿನ ದೂರ 9ರದ್ದೇ ಆದ್ದರಿಂದ ಶಿಫ್ಟಿಂಗ್ ಒಂದಿಷ್ಟೂ ಕೆಡುವುದಿಲ್ಲ. ಒಂದು ಕ್ಲಿಕ್ ಸುಮ್ನೆ ಉಳಿಯುತ್ತದೆ. ಬಿಡಿಬಿಡಿಯಾಗಿ ಬಿಚ್ಚಲು ಬರುವ ಕ್ಯಾಸೆಟ್ಟೇ ಬೇಕು, ರಿವೆಟ್ ಹೊಡೆದದ್ದಾದರೆ ಮೊದಲು ರಿವೆಟ್ ತೆಗೆಯಬೇಕು. ಹಳೇ ಚಕ್ರ ಗಟ್ಟಿ ಇದ್ದು ಬಿಸಾಡಲು ಮನಸ್ಸು ಬಾರದವರಿಗೆ ಇದು.

ಅಪ್ಪನ ಸೈಕಲಲ್ಲಿ ಕ್ಲಿಕ್ಕೇ ಇಲ್ಲದ ಲಿವರ್ ಇದೆ. ಅದನ್ನ ತೆಗೆದು ಹಾಕ್ಲಾ?

ದಯವಿಟ್ಟು ಬೇಡ! ನನಗಾದರೂ ಕೊಡಿ. 1984ರಲ್ಲಿ ಶಿಮಾನೋ ಡ್ಯುರಾ-ಏಸ್‌ಗೆ ಕ್ಲಿಕ್ ಶಿಫ್ಟಿಂಗ್ ತಂದಿತು. ಅದಕ್ಕೆ ಮೊದಲು ಹೆಚ್ಚಾಗಿ ಗೇರು ಅಂದರೆ ಕೈ ಅಂದಾಜು. ಇಲ್ಲಿ ಮೇಲೆ ಬರೆದ 1.7, 1.2, 0.45 ಯಾವುದೂ ಆ ಲಿವರಿಗೆ ಲೆಕ್ಕಕ್ಕಿಲ್ಲ. 6 ಹಾಕಿ, 9 ಹಾಕಿ, ಯಾವ ಕಂಪನಿಯ ಡಿರೈಲರಾದರೂ ಕಟ್ಟಿ, ಚೈನು ಸದ್ದಿಲ್ಲದೆ ಓಡುವವರೆಗೆ ಲಿವರ್ ಸರಿಸುವುದು ಅಷ್ಟೇ. ಕಲಿಯಲು ಒಂದು ವಾರ ಬೇಕು. ಬೆರಕೆ ಮಾಡಿ ಮಾಡಿ ಸೋತವರಿಗೆ ನಾನು ಕೊನೆಗೆ ಹೇಳುವುದು ಇದನ್ನೇ.

ಕ್ಯೂಸ್ ಅಂತ ಹೊಸದು ಬಂದಿದೆ, ಅದರಲ್ಲಿ ಎಲ್ಲಾ ಎಲ್ಲಕ್ಕೂ ಸೇರುತ್ತಂತೆ?

ತನ್ನೊಳಗೆ ಸೇರುತ್ತದೆ. 2023ರಲ್ಲಿ ಬಂದ ಶಿಮಾನೋದ ಆ ಸೆಟ್ಟಿನಲ್ಲಿ 9, 10, 11 ಮೂರಕ್ಕೂ ಹಲ್ಲುಗಳ ನಡುವಿನ ದೂರ ಒಂದೇ, ಚೈನೂ ಒಂದೇ. ಹಳೇ ಎಚ್‌ಜಿ ಹಬ್ಬಿನ ಮೇಲೂ ಕೂರುತ್ತದೆ. ಆದರೆ ನಿಮ್ಮ ಹಳೇ 9ರ ಶಿಫ್ಟರ್ ಅದರ ಜೊತೆ ಮಾತಾಡುವುದಿಲ್ಲ.

ಗೇರ್ ಔಟರ್ ಮಿಕ್ಕಿದೆ, ಬ್ರೇಕಿಗೆ ಹಾಕಿಬಿಡ್ಲಾ?

ಬೇಡವೇ ಬೇಡ. ಔಟರ್ ಅಂದರೆ ವೈರು ಓಡುವ ಹೊರಕೊಳವೆ. ಗೇರ್ ಔಟರಿನ ಒಳಗೆ ತಂತಿಗಳು ಉದ್ದಕ್ಕೆ ಇರುತ್ತವೆ, ಜೋರಾಗಿ ಬ್ರೇಕ್ ಹಿಡಿದಾಗ ಬಾಯಿಬಿಟ್ಟು ಸಿಡಿಯಬಹುದು. ನಂದಿ ಇಳಿಜಾರಿನಲ್ಲಿ ಅದಾದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬ್ರೇಕ್ ಔಟರಿನಲ್ಲಿ ತಂತಿ ಸ್ಪ್ರಿಂಗಿನಂತೆ ಸುತ್ತಿರುತ್ತದೆ. ಅದನ್ನು ಗೇರಿಗೆ ಹಾಕಿದರೆ ಅಪಾಯ ಇಲ್ಲ, ಒತ್ತಿದಾಗ ಕುಗ್ಗಿ ಕ್ಲಿಕ್ ಅಳತೆ ತಪ್ಪುತ್ತದೆ.

ನೀವು ಹೇಳಿದ ಹಾಗೇ ಎಲ್ಲಾ ಹೊಂದಿಸಿದ್ದೀನಿ. ಆದ್ರೂ ಗೇರು ಕೂರ್ತಿಲ್ಲ.

ತಪ್ಪು ಹೇಗೆ ಕಾಣುತ್ತದೆ ಅಂತ ನೋಡಿ. ಎಲ್ಲಾ ಗೇರಿನಲ್ಲೂ ಒಂದೇ ಅಳತೆಗೆ ತಪ್ಪುತ್ತಿದ್ದರೆ ವೈರಿನ ಬಿಗಿ ಹೊಂದಿಸಿ, ಡಿರೈಲರ್ ಹಿಂದಿನ ಬ್ಯಾರೆಲ್ (ವೈರು ಬಿಗಿಸುವ ತಿರುಪು) ಅರ್ಧ ಸುತ್ತು ಆಚೀಚೆ ತಿರುಗಿಸಿದರೆ ಸರಿಹೋಗುತ್ತದೆ. ದೊಡ್ಡ ಹಲ್ಲಿಗೆ ಚೆನ್ನಾಗಿ ಹತ್ತಿ, ಚಿಕ್ಕದಕ್ಕೆ ಇಳಿಯಲು ಮಾತ್ರ ಸೋಮಾರಿತನ ತೋರಿದರೆ ಔಟರಿನಲ್ಲಿ ಧೂಳು ತುಂಬಿ ವೈರು ಸಿಕ್ಕಿಕೊಳ್ಳುತ್ತಿದೆ. ಒಂದು ತುದಿಯಲ್ಲಿ ಸರಿ ಇದ್ದು, ಇನ್ನೊಂದು ತುದಿಗೆ ಹೋಗ್ತಾ ಹೋಗ್ತಾ ತಪ್ಪು ಬೆಳೆಯುತ್ತಿದ್ದರೆ ಮಾತ್ರ ಬೆರಕೆಯ ಮೇಲೆ ಅನುಮಾನ ಪಡಿ. ಅದಕ್ಕೂ ಮೊದಲು ಹಿಂದೆ ನಿಂತು ಡಿರೈಲರ್ ನೇತಾಡುವ ಹ್ಯಾಂಗರ್ ನೋಡಿ. ಬಲಗಡೆಗೆ ಒಂದು ಸಲ ಬಿದ್ದ ಸೈಕಲಿನಲ್ಲಿ ಅದು ಒಳಗೆ ಬಗ್ಗಿರುತ್ತದೆ.

ಅಂಗಡಿಗೆ ಬರೋಕೆ ಮುಂಚೆ ಫೋನಲ್ಲೇ ಹೇಳ್ತೀರಾ, ಆಗುತ್ತೋ ಇಲ್ವೋ ಅಂತ?

ಹೇಳುತ್ತೇನೆ, ಆದರೆ 'ನೀಲಿ ಕಲರ್ ಗೇರ್ ಸೈಕಲ್' ಅಂದರೆ ಆಗುವುದಿಲ್ಲ. ಹಿಂದಿನ ಡಿರೈಲರಿನ ಒಳಬದಿಯಲ್ಲಿ, ಚಕ್ರದ ಕಡೆಗೆ, ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಶಿಫ್ಟರಿನ ಕೆಳಗಡೆ ಎಸ್‌ಎಲ್ ಅಥವಾ ಎಸ್‌ಟಿ ಅಂತ ಇರುತ್ತದೆ. ಕ್ಯಾಸೆಟ್ಟಿಗೆ ಸಿಎಸ್. ಬಟ್ಟೆಯಲ್ಲಿ ಒರೆಸಿ ಮೂರೂ ನಂಬರಿನ ಫೋಟೋ ತೆಗೆಯಿರಿ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ ಕಳಿಸಿ. ಭಾನುವಾರ ಬೆಳಗ್ಗೆ ಮಾತ್ರ ಉತ್ತರ ತಡವಾಗುತ್ತದೆ, ಬೆಟ್ಟದಲ್ಲಿರುತ್ತೇನೆ.